ಉತ್ತರ ಬಾರದಿದ್ದರೆ ಡಿಸ್ಕ್ ಇಲ್ಲವೆಂದೇ ಅರ್ಥವೆ?

ಇಪ್ಪತ್ತೈದು ವರ್ಷ ಹಿಂದಿನ ಕಂಪ್ಯೂಟರ್ ಬಳಸಿದವರಿಗೆ ಆ ಕಪ್ಪು ಪರದೆ ನೆನಪಿರುತ್ತದೆ. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ‘ಪ್ರೈಮರಿ ಮಾಸ್ಟರ್’, ‘ಪ್ರೈಮರಿ ಸ್ಲೇವ್’, ‘ಸೆಕೆಂಡರಿ ಮಾಸ್ಟರ್’, ‘ಸೆಕೆಂಡರಿ ಸ್ಲೇವ್’ ಎಂಬ ನಾಲ್ಕು ಸಾಲುಗಳು ಒಂದೊಂದಾಗಿ ಮೂಡುತ್ತಿದ್ದವು. ಕೆಲವು ಸಾಲಿನ ಮುಂದೆ ಹಾರ್ಡ್ ಡಿಸ್ಕಿನದೋ ಸಿ.ಡಿ. ಡ್ರೈವಿನದೋ ಹೆಸರು ಬರುತ್ತಿತ್ತು. ಉಳಿದವುಗಳ ಮುಂದೆ ಒಂದಷ್ಟು ಹೊತ್ತು ಕಾಯಿಸಿ ‘ನನ್’ ಎಂದು ಬರುತ್ತಿತ್ತು. ಆಮೇಲೆ ವಿಂಡೋಸೋ ಲಿನಕ್ಸೋ ಎದ್ದು ಇದೇ ತಪಾಸಣೆಯನ್ನು ತನ್ನ ಪಾಡಿಗೆ ಮತ್ತೊಮ್ಮೆ ಮಾಡುತ್ತಿತ್ತು. ನೋಡುವವರಿಗೆ, ಯಂತ್ರ ತನ್ನೊಳಗೆ ಏನೇನಿದೆಯೆಂದು ಒಮ್ಮೆ ಕಣ್ಣಾಡಿಸಿದಂತೆ ಕಾಣುತ್ತಿತ್ತು. ಆದರೆ ಕಂಪ್ಯೂಟರಿಗೆ ಅಂಥ ಕಣ್ಣಿಲ್ಲ. ಅದು ತಂತಿಯ ಮೇಲೆ ಒಂದು ಪ್ರಶ್ನೆ ಕಳಿಸುತ್ತದೆ, ಕಾಯುತ್ತದೆ, ಬಂದದ್ದನ್ನು ನೋಡಿ ತೀರ್ಮಾನಕ್ಕೆ ಬರುತ್ತದೆ. ಉತ್ತರ ಬಂದರೆ ಡಿಸ್ಕ್ ಇದೆಯೆನ್ನಲು ಪುರಾವೆ ಸಿಕ್ಕಿತು. ಉತ್ತರ ಬಾರದಿದ್ದರೆ? ‘ಇಲ್ಲ’ ಎನ್ನುವುದಕ್ಕೆ ನೇರವಾದ ಪುರಾವೆ ಎಂಬುದೇ ಇಲ್ಲ. ಅದು ಮೌನದಿಂದ ಕಟ್ಟಿಕೊಂಡ ಊಹೆ. ಹಳೆಯ ಯಂತ್ರಗಳ ನಿಧಾನ, ಹಠಮಾರಿತನ, ಆಗಾಗ ತೋರಿಸುತ್ತಿದ್ದ ಸುಳ್ಳು ಪಟ್ಟಿ ಇವಕ್ಕೆಲ್ಲ ಜನ ಆಪರೇಟಿಂಗ್ ಸಿಸ್ಟಂ ಅನ್ನು ಬೈಯುತ್ತಿದ್ದರು. ಮೂಲ ಇದ್ದದ್ದು ಅಲ್ಲಲ್ಲ. ‘ನಾನಿದ್ದೇನೆ’ ಎಂದು ಸಾಧನವೇ ಹೇಳಿಕೊಳ್ಳಲು ಜಾಗವಿಡದೆ, ಪತ್ತೆಯ ಹೊಣೆಯನ್ನೆಲ್ಲ ಕೇಳುವವನ ತಲೆಗೆ ಕಟ್ಟಿದ ಇಂಟರ್ಫೇಸ್‌ಗಳಲ್ಲಿ ಅದರ ಮೂಲವಿತ್ತು.

ಇದು ಸ್ಪಷ್ಟವಾಗಬೇಕಾದರೆ ಡಿಸ್ಕಿಗೆ ಮಾತೇ ಬಾರದಿದ್ದ ಕಾಲದಿಂದ ಶುರುಮಾಡಬೇಕು. 1980ರಲ್ಲಿ ಸೀಗೇಟ್ ಹೊರತಂದ ಎಸ್‌ಟಿ-506 ಎಂಬ 5 ಮೆಗಾಬೈಟಿನ ಡ್ರೈವಿನಲ್ಲೂ ಅದರ ಮಾದರಿಯನ್ನು ಅನುಸರಿಸಿ ಬಂದ ಡ್ರೈವುಗಳಲ್ಲೂ ತಿರುಗುವ ತಟ್ಟೆ, ಮೋಟಾರು, ಓದುವ ಹೆಡ್ಡು, ಇವನ್ನು ನಡೆಸುವಷ್ಟು ಸರ್ಕೀಟು ಮಾತ್ರ ಇದ್ದವು. ಬುದ್ಧಿಯೆಲ್ಲ ಮದರ್‌ಬೋರ್ಡಿಗೆ ಸಿಕ್ಕಿಸಿದ ಕಂಟ್ರೋಲರ್ ಕಾರ್ಡಿನಲ್ಲಿತ್ತು. ಎಷ್ಟು ಸಿಲಿಂಡರ್, ಎಷ್ಟು ಹೆಡ್ ಎಂದು ಡ್ರೈವನ್ನು ಕೇಳುವ ದಾರಿಯೇ ಇರಲಿಲ್ಲ, ಏಕೆಂದರೆ ಆ ಮಾಹಿತಿ ಡ್ರೈವಿನೊಳಗೆ ಎಲ್ಲೂ ಬರೆದಿರಲಿಲ್ಲ. ಹಾಗಾಗಿ 1984ರಲ್ಲಿ ಬಂದ ಐಬಿಎಂ ಪಿಸಿ ಎಟಿಯ ಬಯೋಸ್‌ನಲ್ಲಿ, ಅಂದರೆ ಯಂತ್ರವನ್ನು ಎಬ್ಬಿಸುವ ಮೂಲ ಸಾಫ್ಟ್‌ವೇರಿನಲ್ಲಿ, ಡಿಸ್ಕುಗಳ ಒಂದು ಕೋಷ್ಟಕವಿಟ್ಟರು. ಮೊದಲಿಗೆ ಅದರಲ್ಲಿದ್ದದ್ದು 14 ಬಗೆ. 2ನೆಯ ಬಗೆ ಎಂದರೆ 615 ಸಿಲಿಂಡರ್, 4 ಹೆಡ್, ಸುಮಾರು 20 ಮೆಗಾಬೈಟ್ ಎಂದು ಲೆಕ್ಕ. ಡಿಸ್ಕ್ ಜೋಡಿಸಿದವರು ಅದರ ಮೇಲಿನ ಚೀಟಿ ನೋಡಿ ಸರಿಯಾದ ಸಂಖ್ಯೆ ತುಂಬಬೇಕು. ಬ್ಯಾಟರಿಯ ಬಲದಿಂದ ಉಳಿಯುವ ಸಿಮಾಸ್ ಎಂಬ ಪುಟ್ಟ ಮೆಮೊರಿಯಲ್ಲಿ ಅದು ಕೂತಿರುತ್ತಿತ್ತು. ಸಂಖ್ಯೆ ತಪ್ಪಿದರೆ ಯಂತ್ರ ಇಲ್ಲದ ಸಿಲಿಂಡರಿಗೆ ಹೆಡ್ಡನ್ನು ಅಟ್ಟುತ್ತಿತ್ತು, ಇಲ್ಲವೆ ಅರ್ಧ ಡಿಸ್ಕನ್ನು ಮರೆತುಬಿಡುತ್ತಿತ್ತು. ಬ್ಯಾಟರಿ ಸತ್ತರೆ ಡಿಸ್ಕ್ ಚೆನ್ನಾಗಿದ್ದರೂ ಯಂತ್ರದ ಪಾಲಿಗೆ ಅದು ಇಲ್ಲವಾಗುತ್ತಿತ್ತು. ಅಂದರೆ ‘ಡಿಸ್ಕ್ ಇದೆಯೇ’ ಎಂಬ ಪ್ರಶ್ನೆಗೆ ಆಗ ಉತ್ತರ ಕೊಡುತ್ತಿದ್ದವನು ಮನುಷ್ಯ.

ಕೇಳಲು ಬಾರದಿದ್ದರೂ ಪರೀಕ್ಷಿಸಬಹುದು ಎಂಬುದನ್ನು ತೋರಿಸಿಕೊಟ್ಟದ್ದು ಫ್ಲಾಪಿ ಡ್ರೈವ್. ಅದಕ್ಕೂ ತನ್ನ ಗುರುತು ಹೇಳಿಕೊಳ್ಳಲು ಬಾರದು. ಅದರಿಂದ ಬರುವ ಕೆಲವೇ ಸಂಕೇತಗಳಲ್ಲಿ ಒಂದು, ಹೆಡ್ಡು ತೀರಾ ಹೊರಗಿನ ಟ್ರ್ಯಾಕಿಗೆ, ಅಂದರೆ 0ನೆಯ ಟ್ರ್ಯಾಕಿಗೆ, ಬಂದು ನಿಂತಿದೆ ಎನ್ನುವುದು. ಎಟಿಯ ಬಯೋಸ್ ಬರೆದವರು ಇದೊಂದನ್ನೇ ಹಿಡಿದು ಡ್ರೈವ್ 40 ಟ್ರ್ಯಾಕಿನದೋ 80 ಟ್ರ್ಯಾಕಿನದೋ ಎಂದು ಕಂಡುಕೊಂಡ ಬಗೆ ಸೊಗಸಾಗಿದೆ. ಮೊದಲು ಹೆಡ್ಡಿಗೆ 48ನೆಯ ಟ್ರ್ಯಾಕಿಗೆ ಹೋಗೆಂದು ಆಜ್ಞೆ. 80 ಟ್ರ್ಯಾಕಿನ ಡ್ರೈವಾದರೆ ಅದು ನಿಜವಾಗಿ 48ಕ್ಕೆ ಹೋಗುತ್ತದೆ. 40 ಟ್ರ್ಯಾಕಿನದಾದರೆ ಅಷ್ಟು ದೂರ ಹೋಗಲು ಜಾಗವಿಲ್ಲದೆ ಒಳತುದಿಯ ತಡೆಗೆ ಗುದ್ದಿಕೊಂಡು ಅಲ್ಲೇ ನಿಲ್ಲುತ್ತದೆ. ಅನಂತರ ಹೆಡ್ಡನ್ನು ಹೊರಗಡೆಗೆ ಹಿಂದಕ್ಕೆ ತರುತ್ತ, ಕೊನೆಯ ಕೆಲವು ಹೆಜ್ಜೆಗಳನ್ನು ಒಂದೊಂದಾಗಿ ಇಡಿಸುತ್ತ ಲೆಕ್ಕ ಹಾಕುವುದು. ಲೆಕ್ಕ ಮುಗಿಯುವ ಮೊದಲೇ 0ನೆಯ ಟ್ರ್ಯಾಕಿನ ಸಂಕೇತ ಬಂದರೆ ಹೆಡ್ಡು 48ಕ್ಕೆ ಹೋಗಿರಲೇ ಇಲ್ಲ, ಆದ್ದರಿಂದ ಇದು 40 ಟ್ರ್ಯಾಕಿನ ಡ್ರೈವ್. ಲೆಕ್ಕ ಮುಗಿದರೂ ಸಂಕೇತ ಬಾರದೇ ಹೋದರೆ ಅಲ್ಲಿ ಡ್ರೈವೇ ಇಲ್ಲವೆಂದು ಎಣಿಕೆ. ಕಂಪ್ಯೂಟರ್ ಶುರುವಾಗುವಾಗ ಫ್ಲಾಪಿ ಡ್ರೈವಿನಿಂದ ಕೇಳಿಬರುತ್ತಿದ್ದ ‘ಕರ್‌ಕರ್’ ಸದ್ದಿನಲ್ಲಿ ಇಂಥ ತರ್ಕವೂ ಸೇರಿತ್ತು. ಮಾತಾಡದ ವಸ್ತುವನ್ನು ಅಲುಗಿಸಿ ನೋಡಿ ಅದರ ಗುಣ ತಿಳಿಯುವ ಜಾಣತನ ಇದು. ಆದರೆ ಇದರ ಮಿತಿಯೂ ಅಲ್ಲೇ ಕಾಣುತ್ತದೆ: ಕೇಬಲ್ ಸಡಿಲವಾಗಿದ್ದರೂ ಸಂಕೇತ ಬರುವುದಿಲ್ಲ, ಡ್ರೈವ್ ಇಲ್ಲದಿದ್ದರೂ ಬರುವುದಿಲ್ಲ.

1986ರ ಸುಮಾರಿಗೆ ಕಾಂಪ್ಯಾಕ್, ವೆಸ್ಟರ್ನ್ ಡಿಜಿಟಲ್ ಮೊದಲಾದ ಕಂಪನಿಗಳು ಕಂಟ್ರೋಲರನ್ನು ಕಾರ್ಡಿನಿಂದ ಎತ್ತಿ ಡ್ರೈವಿನ ಮೇಲೆಯೇ ಕೂರಿಸಿದವು. ಐಡಿಇ ಎಂದು ನಾವು ಕರೆಯುತ್ತಿದ್ದ, 1994ರಲ್ಲಿ ಎಟಿಎ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಅಧಿಕೃತ ಮಾನಕವಾದ ಪದ್ಧತಿ ಇದೇ. ಈಗ ಡ್ರೈವಿಗೆ ಬುದ್ಧಿ ಬಂತು, ಕೇಳಿದರೆ ಉತ್ತರ ಕೊಡಬಲ್ಲದು. ಆದರೆ ಹಳೆಯ ಸಾಫ್ಟ್‌ವೇರ್ ಕೆಡಬಾರದೆಂದು ಮಾತಾಡುವ ಬಾಗಿಲನ್ನು ಎಟಿಯ ಹಳೆಯ ಕಂಟ್ರೋಲರಿನದನ್ನೇ ಉಳಿಸಿಕೊಂಡರು: ಮೊದಲ ಕೇಬಲಿಗೆ 496ರಿಂದ 503ರ ವರೆಗಿನ ಎಂಟು ಪೋರ್ಟ್‌ಗಳು. ಆಪರೇಟಿಂಗ್ ಸಿಸ್ಟಂ ಮೊದಲು 502ರಲ್ಲಿ, ಒಂದೇ ಕೇಬಲಿಗೆ ಸೇರುವ ಎರಡು ಡ್ರೈವುಗಳಲ್ಲಿ ಮಾಸ್ಟರ್ ಬೇಕೋ ಸ್ಲೇವ್ ಬೇಕೋ ಎಂದು ಬರೆಯುತ್ತದೆ. ಆಯ್ಕೆ ಕುದುರಲು ಒಂದು ಸೆಕೆಂಡಿನ ಕೋಟಿಯಲ್ಲಿ ನಾಲ್ಕು ಪಾಲು, ಅಂದರೆ 400 ನ್ಯಾನೋಸೆಕೆಂಡ್, ಬಿಡುತ್ತದೆ. ಆಮೇಲೆ 503ಕ್ಕೆ 236 ಎಂಬ ಸಂಖ್ಯೆಯನ್ನು ಕಳಿಸುತ್ತದೆ. ‘ನೀನು ಯಾರು, ಹೇಳು’ ಎಂಬ ಆಜ್ಞೆ ಅದು. ಡಿಸ್ಕ್ ಇದ್ದರೆ 512 ಬೈಟಿನ ಒಂದು ಪುಟ ವಾಪಸ್ ಬರುತ್ತದೆ. ಅದರಲ್ಲಿ ಡ್ರೈವಿನ ಕ್ರಮಸಂಖ್ಯೆ, 40 ಅಕ್ಷರಗಳ ಮಾದರಿ ಹೆಸರು, ಎಷ್ಟು ಸೆಕ್ಟರ್, ಯಾವ ವೇಗ ಸಾಧ್ಯ ಎಂಬುದೆಲ್ಲ ಗೊತ್ತುಪಡಿಸಿದ ಜಾಗಗಳಲ್ಲಿ ಇರುತ್ತದೆ. ಹೆಸರಿನ ಅಕ್ಷರಗಳು ಮಾತ್ರ ಜೋಡಿಜೋಡಿಯಾಗಿ ಅದಲುಬದಲಾಗಿ ಬರುತ್ತವೆ. ಹಾಗೇ ಓದಿದರೆ ಸೀಗೇಟ್ ಮಾದರಿಗಳ ಶುರುವಿನ ‘ಎಸ್‌ಟಿ’ ಎಂಬುದು ‘ಟಿಎಸ್’ ಎಂದು ಕಾಣುತ್ತದೆ. ಸಿ.ಡಿ. ಡ್ರೈವ್ ಆದರೆ ಈ ಆಜ್ಞೆಯನ್ನು ನಿರಾಕರಿಸುತ್ತದೆ, ಆದರೆ ಸುಮ್ಮನೆ ನಿರಾಕರಿಸುವುದಿಲ್ಲ. ಎರಡು ರಿಜಿಸ್ಟರ್‌ಗಳಲ್ಲಿ 20 ಮತ್ತು 235 ಎಂಬ ಸಂಖ್ಯೆಗಳನ್ನಿಟ್ಟು, ತಾನು ಬೇರೆ ಜಾತಿಯದು, ಬೇರೆ ಆಜ್ಞೆಯಿಂದ ಕೇಳಬೇಕು ಎಂದು ಸೂಚಿಸುತ್ತದೆ. ನಿರಾಕರಣೆಯೂ ಇಲ್ಲಿ ಒಂದು ಉತ್ತರವೇ.

ಇದ್ದವರ ಕಥೆ ಇಷ್ಟು ಸರಳ. ಇಲ್ಲದವರದೇ ತೊಡಕು. ಕೇಬಲಿನ ತುದಿಯಲ್ಲಿ ಏನೂ ಇಲ್ಲದಿದ್ದಾಗ ಪ್ರೊಸೆಸರ್ 503ನೆಯ ಪೋರ್ಟನ್ನು ಓದಿದರೆ ಏನು ಸಿಗಬೇಕು? ಎಂಟು ತಂತಿಗಳನ್ನು ಮೇಲಕ್ಕೋ ಕೆಳಕ್ಕೋ ಎಳೆಯುವವರು ಯಾರೂ ಇಲ್ಲ. ಸಾಮಾನ್ಯವಾಗಿ ಅಂಥ ತಂತಿಗಳೆಲ್ಲ ‘1’ ಎಂದೇ ಓದಿಸಿಕೊಳ್ಳುತ್ತವೆ. ಎಂಟೂ ಸೇರಿ 255. ಈಗ ಆ ಎಂಟು ಬಿಟ್‌ಗಳ ಅರ್ಥ ನೋಡಿ. ಅವುಗಳಲ್ಲಿ ತೀರಾ ಮೇಲಿನದು, 7ನೆಯ ಬಿಟ್, ‘ನಾನು ಕೆಲಸದಲ್ಲಿದ್ದೇನೆ, ಕಾಯಿರಿ’ ಎಂಬುದಕ್ಕೆ ಮೀಸಲು. ಅಂದರೆ ಇಲ್ಲದ ಡಿಸ್ಕ್ ಮತ್ತು ಬಿಡುವಿಲ್ಲದ ಡಿಸ್ಕ್ ಎರಡೂ ಒಂದೇ ಮಾತು ಹೇಳುತ್ತವೆ! ಎಷ್ಟು ಹೊತ್ತು ಕಾಯಬೇಕು? ಡಿಸ್ಕೆಂಬುದು ತಿರುಗುವ ಯಂತ್ರ. ತಟ್ಟೆ ಪೂರ್ಣ ವೇಗಕ್ಕೆ ಬರಬೇಕು, ಮಾಸ್ಟರ್ ತನ್ನ ಜೊತೆಯ ಸ್ಲೇವ್ ಕೂಡ ಸಿದ್ಧವಾಯಿತೇ ಎಂದು ನೋಡಬೇಕು. ಇದಕ್ಕೆಲ್ಲ ಎಟಿಎ ಮಾನಕ 31 ಸೆಕೆಂಡಿನವರೆಗೆ ಅವಕಾಶ ಕೊಟ್ಟಿದೆ. ಹಾಗಾಗಿ ಖಾಲಿ ಕೇಬಲಿನ ಮುಂದೆ ಯಂತ್ರ ಅರ್ಧ ನಿಮಿಷ ಕೈಕಟ್ಟಿ ನಿಲ್ಲುವ ಅಪಾಯವಿತ್ತು. ಇದಕ್ಕೆ ಮಾನಕ ಬರೆದವರು ಕಂಡುಕೊಂಡ ಪರಿಹಾರ ಒಂದು ಪುಟ್ಟ ರೆಸಿಸ್ಟರ್. ಮದರ್‌ಬೋರ್ಡಿನ ಬದಿಯಲ್ಲಿ 7ನೆಯ ದತ್ತಾಂಶ ತಂತಿಯನ್ನು ಮಾತ್ರ 10 ಕಿಲೋಓಮ್‌ ರೆಸಿಸ್ಟರ್ ಮೂಲಕ ಕೆಳಕ್ಕೆ, ಅಂದರೆ ಸೊನ್ನೆಯ ಕಡೆಗೆ, ಎಳೆದಿಡಬೇಕು. ಡ್ರೈವ್ ಇದ್ದರೆ ಅದರ ಬಲದ ಮುಂದೆ ಈ ಎಳೆತ ಲೆಕ್ಕಕ್ಕಿಲ್ಲ. ಡ್ರೈವ್ ಇಲ್ಲದಿದ್ದರೆ ಆ ಒಂದು ಬಿಟ್ ಸೊನ್ನೆಯಾಗಿ 255ರ ಜಾಗದಲ್ಲಿ 127 ಬರುತ್ತದೆ. ‘ಕಾಯಿರಿ’ ಎಂಬ ಸುಳ್ಳು ಅಲ್ಲಿಗೆ ನಿಲ್ಲುತ್ತದೆ. ಅರ್ಧ ನಿಮಿಷದ ಕಾಯುವಿಕೆ ಇರುತ್ತದೋ ಇಲ್ಲವೋ ಎಂಬುದು ಪುಡಿಗಾಸಿನ ಒಂದು ಬಿಡಿಭಾಗದ ಮೇಲೆ ನಿಂತಿತ್ತು. ಅದನ್ನು ಬಿಟ್ಟ ಬೋರ್ಡಿನಲ್ಲಿ ಎಂಥ ಆಪರೇಟಿಂಗ್ ಸಿಸ್ಟಂ ಹಾಕಿದರೂ ಅದು ಅನುಮಾನದಲ್ಲೇ ಕಾಯಬೇಕು.

ಮೌನವನ್ನಾದರೂ ಹೇಗೋ ಅರ್ಥ ಮಾಡಿಕೊಳ್ಳಬಹುದು. ಸುಳ್ಳು ಉತ್ತರ ಅದಕ್ಕಿಂತ ಕಷ್ಟ. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಬಾರದ ಗೆಳೆಯನ ಪರವಾಗಿ ಪಕ್ಕದವನೇ ‘ಪ್ರೆಸೆಂಟ್ ಸಾರ್’ ಎನ್ನುವುದುಂಟಲ್ಲ, ಐಡಿಇ ಕೇಬಲಿನಲ್ಲೂ ಅದೇ ನಡೆಯುತ್ತಿತ್ತು. ಒಂದು ಕೇಬಲಿನ ಇಬ್ಬರಿಗೂ ತಂತಿಗಳು ಒಂದೇ. ಯಾರನ್ನು ಕರೆದದ್ದು ಎಂಬುದನ್ನು ಡ್ರೈವೇ ಗಮನಿಸಿ, ತನ್ನ ಸರದಿಯಲ್ಲದಿದ್ದರೆ ಸುಮ್ಮನಿರಬೇಕು. ಸ್ಲೇವ್ ಇಲ್ಲದ ಕೇಬಲಿನಲ್ಲಿ ಅದರ ಪರವಾಗಿ ಮಾಸ್ಟರ್ ಸೊನ್ನೆಯ ಸ್ಥಿತಿ ತೋರಿಸಬೇಕೆಂಬುದು ನಿಯಮ. ಕೆಲವು ಡ್ರೈವುಗಳು ಅದನ್ನು ಪಾಲಿಸದೆ, ಯಾರನ್ನು ಕರೆದರೂ ತಾವೇ ಉತ್ತರ ಕೊಡುತ್ತಿದ್ದವು. ಫಲವಾಗಿ ಪಟ್ಟಿಯಲ್ಲಿ ಎರಡು ಡಿಸ್ಕ್ ಕಾಣುತ್ತಿತ್ತು. ಎರಡೂ ಒಂದೇ ಎಂದು ತಿಳಿಯದೆ ಎರಡರ ಮೇಲೂ ಬರೆದರೆ ಕಡತಗಳ ಗತಿ ಮುಗಿಯಿತು. ಲಿನಕ್ಸಿನ ಹಳೆಯ ಐಡಿಇ ಡ್ರೈವರ್‌ನಲ್ಲಿ ಇದಕ್ಕೆಂದೇ ಒಂದು ಪರೀಕ್ಷೆ ಇತ್ತು: ಮಾಸ್ಟರ್ ಮತ್ತು ಸ್ಲೇವ್‌ಗಳ ಮಾದರಿ ಹೆಸರೂ ಕ್ರಮಸಂಖ್ಯೆಯೂ ಒಂದೇ ಆಗಿದ್ದರೆ ಎರಡನೆಯದು ನೆರಳೆಂದು ಬಿಟ್ಟುಬಿಡುವುದು. ಸ್ಕಸಿ ಎಂಬ ದುಬಾರಿ ಪದ್ಧತಿಯಲ್ಲೂ ಈ ಚಾಳಿ ಇತ್ತು. ಅಲ್ಲಿ ಒಂದೊಂದು ವಿಳಾಸದಲ್ಲಿ ಹಲವು ಉಪಘಟಕಗಳಿರಬಹುದು. ಕೆಲವು ಸಾಧನಗಳು ಇಲ್ಲದ ಉಪಘಟಕಗಳ ಪರವಾಗಿಯೂ ಹೂಂಗುಟ್ಟುತ್ತಿದ್ದುದರಿಂದ, ಅಂಥವುಗಳ ಹೆಸರಿನ ಪಟ್ಟಿಯನ್ನೇ ಲಿನಕ್ಸ್ ತನ್ನೊಳಗೆ ಇಟ್ಟುಕೊಳ್ಳಬೇಕಾಯಿತು. ತಂತಿಯೇ ಸುಳ್ಳು ಹೇಳುವ ಸಂದರ್ಭವೂ ಉಂಟು. ಖಾಲಿ ಕೇಬಲಿನಲ್ಲಿ ಕೊನೆಗೆ ಬರೆದ ಮೌಲ್ಯ ಕ್ಷಣಕಾಲ ಹಾಗೇ ನಿಂತಿರುತ್ತದೆ; ತಕ್ಷಣ ಓದಿದರೆ ಅದೇ ವಾಪಸ್ ಬಂದು ಅಲ್ಲಿ ಯಾರೋ ಇದ್ದಾರೆ ಎನಿಸುತ್ತದೆ. ಅದಕ್ಕಾಗಿ ಲಿನಕ್ಸ್ ಒಂದು ರಿಜಿಸ್ಟರಿಗೆ 85, ಇನ್ನೊಂದಕ್ಕೆ ಅದರ ತದ್ವಿರುದ್ಧ ಬಿಟ್‌ಗಳ 170 ಬರೆದು, ಅದಲುಬದಲು ಮಾಡಿ, ಮತ್ತೆ ಮೊದಲಿನಂತೆ ಬರೆದು, ಆಮೇಲೆ ಎರಡನ್ನೂ ಓದುತ್ತದೆ. ಎರಡು ಬೇರೆ ಬೇರೆ ಮೌಲ್ಯಗಳನ್ನು ನೆನಪಿಡಲು ಬರಿಯ ತಂತಿಗೆ ಆಗುವುದಿಲ್ಲ. ನೆನಪಿಟ್ಟರೆ ಆ ತುದಿಯಲ್ಲಿ ನಿಜವಾಗಿ ಯಾರೋ ಇದ್ದಾರೆ.

ಇಷ್ಟೆಲ್ಲ ಪಾಡು ಏಕೆ, ಬಯೋಸ್ ಆಗಲೇ ಹುಡುಕಿ ಇಟ್ಟಿರುತ್ತದಲ್ಲ, ಅದನ್ನೇ ಕೇಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಡಾಸ್ ಹಾಗೆಯೇ ಮಾಡುತ್ತಿತ್ತು. ಆದರೆ ಬಯೋಸ್‌ಗೆ ಬೇರೆ ಕಣ್ಣಿರಲಿಲ್ಲ. ಅದೂ ಇದೇ ಪೋರ್ಟ್‌ಗಳಲ್ಲಿ ಇದೇ ಪ್ರಶ್ನೆ ಕೇಳುತ್ತಿತ್ತು. ಜೊತೆಗೆ ಅದರ ತಿಳಿವಳಿಕೆ ಬೋರ್ಡ್ ತಯಾರಾದ ದಿನಕ್ಕೇ ನಿಂತುಹೋಗಿರುತ್ತಿತ್ತು. ಬಯೋಸಿನ ಹಳೆಯ ಕ್ರಮದಲ್ಲಿ 1024ಕ್ಕಿಂತ ಹೆಚ್ಚು ಸಿಲಿಂಡರ್ ಹೇಳಲು ಬರುತ್ತಿರಲಿಲ್ಲ, ಐಡಿಇ ಕ್ರಮದಲ್ಲಿ 16ಕ್ಕಿಂತ ಹೆಚ್ಚು ಹೆಡ್ ಹೇಳಲು ಬರುತ್ತಿರಲಿಲ್ಲ. ಪ್ರತಿ ಟ್ರ್ಯಾಕಿಗೆ 63 ಸೆಕ್ಟರ್, ಸೆಕ್ಟರಿಗೆ 512 ಬೈಟ್ ಎಂದು ಗುಣಿಸಿದರೆ ಸುಮಾರು 52.8 ಕೋಟಿ ಬೈಟ್‌ಗೆ ಲೆಕ್ಕ ನಿಂತುಬಿಡುತ್ತದೆ. ಡಿಸ್ಕ್ ಅದಕ್ಕಿಂತ ದೊಡ್ಡದಾಗಿದ್ದರೂ ಬಯೋಸ್ ಹೇಳುವುದು ಅಷ್ಟನ್ನೇ. ನೇರವಾಗಿ ಡಿಸ್ಕನ್ನೇ ಕೇಳುವ ಆಪರೇಟಿಂಗ್ ಸಿಸ್ಟಂ ಈ ಗೋಡೆ ದಾಟಬಲ್ಲದು. ಹಾಗೆಂದು ಆಪರೇಟಿಂಗ್ ಸಿಸ್ಟಂ ಎಲ್ಲ ಬಲ್ಲದ್ದೆಂದೂ ಅಲ್ಲ. ಮುಂದೆ 28 ಬಿಟ್ ವಿಳಾಸದಿಂದಾಗಿ 137 ಗಿಗಾಬೈಟ್ ಹೊಸ ಗೋಡೆಯಾಯಿತು. 48 ಬಿಟ್ ವಿಳಾಸ ಬಂದಾಗ ಡಿಸ್ಕ್ ತನ್ನ ನಿಜವಾದ ಗಾತ್ರವನ್ನು ಆ 512 ಬೈಟಿನ ಪುಟದ ಬೇರೊಂದು ಮೂಲೆಯಲ್ಲಿ ಬರೆಯತೊಡಗಿತು. 2001ರ ವಿಂಡೋಸ್ ಎಕ್ಸ್‌ಪಿ ಮೊದಲ ಆವೃತ್ತಿ ಅದನ್ನು ಬಳಸುತ್ತಿರಲಿಲ್ಲ. 2002ರ ಸರ್ವೀಸ್ ಪ್ಯಾಕ್ 1 ಬರಬೇಕಾಯಿತು. ಇಲ್ಲಿ ಗಮನಿಸಬೇಕಾದ್ದು ಇಷ್ಟು: ಡಿಸ್ಕ್ ಸತ್ಯ ಹೇಳುತ್ತಿದ್ದಾಗ ತಪ್ಪನ್ನು ಒಂದು ತಿದ್ದುಪಡಿಯಿಂದ ಸರಿಮಾಡಲು ಆಯಿತು. ಡಿಸ್ಕ್ ಏನೂ ಹೇಳದಿದ್ದ ಕಾಲದಲ್ಲಿ ಆ ದಾರಿಯೇ ಇರಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕತ್ತಲಲ್ಲಿ ತಡಕಾಡುವುದು ಅಪಾಯಕರ, ಅದರ ಬದಲು ಏನಿದೆಯೆಂದು ಬಳಕೆದಾರನೇ ಹೇಳಿಬಿಡುವುದು ಸುರಕ್ಷಿತ ಎಂಬುದು. ಇದರಲ್ಲಿ ಸತ್ಯವಿದೆ. ಹಳೆಯ ಐಎಸ್‌ಎ ಸ್ಲಾಟಿನ ಕಾರ್ಡುಗಳಿಗೆ ಹೆಸರೂ ಇಲ್ಲ, ಗೊತ್ತುಪಡಿಸಿದ ಜಾಗವೂ ಇಲ್ಲ. ಡಿಸ್ಕ್ ಕಂಟ್ರೋಲರ್ ಇರಬಹುದೆಂದು ಒಂದು ಪೋರ್ಟಿಗೆ ಬರೆದದ್ದು ಅಲ್ಲಿದ್ದ ನೆಟ್‌ವರ್ಕ್ ಕಾರ್ಡಿಗೆ ಬೇರೇನೋ ಆಜ್ಞೆಯಾಗಿ, ಇಡೀ ಯಂತ್ರ ಸ್ತಬ್ಧವಾಗಬಹುದಿತ್ತು. ಇಂಥ ಪೋರ್ಟ್‌ಗಳನ್ನು ಮುಟ್ಟಬೇಡ ಎಂದು ಮೊದಲೇ ಹೇಳಿಡಲು ಲಿನಕ್ಸಿನಲ್ಲಿ ಒಂದು ಆಯ್ಕೆಯನ್ನೇ ಕೊಟ್ಟಿದ್ದಾರೆ. ಆದರೆ ಬಳಕೆದಾರನ ಮಾತು ಅವನು ಹೇಳಿದ ಕ್ಷಣಕ್ಕೆ ಮಾತ್ರ ಸತ್ಯ. ನಾಳೆ ಡಿಸ್ಕ್ ಬದಲಾಯಿಸಿ ಸಂಖ್ಯೆ ಬದಲಾಯಿಸಲು ಮರೆತರೆ ಯಂತ್ರ ಹಳೆಯ ಮಾತನ್ನೇ ನಂಬಿ ಹೊಸ ಡಿಸ್ಕಿನ ಮೇಲೆ ಬರೆಯುತ್ತದೆ. ತಡಕಾಟ ತಪ್ಪಿದರೆ ಯಂತ್ರ ನಿಲ್ಲುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಹೇಳಿಕೆ ತಪ್ಪಿದರೆ ಕಡತಗಳು ಸದ್ದಿಲ್ಲದೆ ಕೆಡುತ್ತವೆ, ಅದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದರೆ ಮೊದಲನೆಯದೇ ವಾಸಿ. ನಿಜವಾದ ಪರಿಹಾರ ಎರಡೂ ಅಲ್ಲ. ಸಾಧನವನ್ನೇ ಮಾತಾಡಿಸುವುದು, ಅದು ಮಾತಾಡಲು ಸುರಕ್ಷಿತವಾದ ಒಂದು ಜಾಗವನ್ನು ಮೊದಲೇ ಕಾದಿಡುವುದು.

ಆಮೇಲೆ ಬಂದ ಇಂಟರ್ಫೇಸ್‌ಗಳು ಹಿಡಿದದ್ದು ಇದೇ ದಾರಿ. 1992ರ ಪಿಸಿಐನಲ್ಲಿ ಪ್ರತಿಯೊಂದು ಸ್ಲಾಟಿಗೂ ಗುರುತು ಕೇಳಲೆಂದೇ ಪ್ರತ್ಯೇಕ ವಿಳಾಸ ಬಂತು. ಅಲ್ಲಿ ಓದಿದಾಗ ಹದಿನಾರೂ ಬಿಟ್ ‘1’ ಬಂದರೆ ಸ್ಲಾಟ್ ಖಾಲಿ. ಆ ಸಂಖ್ಯೆಯನ್ನು ಯಾವ ಕಂಪನಿಗೂ ಗುರುತಾಗಿ ಕೊಡುವುದಿಲ್ಲವೆಂದು ಮೊದಲೇ ನಿಯಮ ಮಾಡಿಟ್ಟಿದ್ದರಿಂದ ಖಾಲಿ ತಂತಿಯ 255 ತಂದಿಟ್ಟಂಥ ಗೊಂದಲ ಇಲ್ಲಿ ಹುಟ್ಟಲೇ ಇಲ್ಲ. 1996ರ ಯುಎಸ್‌ಬಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಂಪ್ಯೂಟರಿನ ಬದಿಯಲ್ಲಿ ಎರಡೂ ದತ್ತಾಂಶ ತಂತಿಗಳನ್ನು 15 ಕಿಲೋಓಮ್ ರೆಸಿಸ್ಟರ್‌ಗಳಿಂದ ಕೆಳಕ್ಕೆ ಎಳೆದಿಟ್ಟಿರುತ್ತಾರೆ. ಸಾಧನದ ಬದಿಯಲ್ಲಿ ಒಂದು ತಂತಿಗೆ 1.5 ಕಿಲೋಓಮ್‌ನ ರೆಸಿಸ್ಟರ್ ಮೇಲಕ್ಕೆ ಎಳೆಯುತ್ತದೆ. ಚುಚ್ಚಿದ ಕ್ಷಣವೇ ಆ ತಂತಿ ಮೇಲೇರುತ್ತದೆ. ಯಾವ ತಂತಿ ಏರಿತೆಂಬುದರಿಂದ ಸಾಧನದ ವೇಗವೂ ತಿಳಿಯುತ್ತದೆ. ಐಡಿಇಯಲ್ಲಿ ರೆಸಿಸ್ಟರ್ ಇದ್ದದ್ದು ಕೇಳುವವನ ಬಳಿ, ಗೈರುಹಾಜರಿಯನ್ನು ಊಹಿಸಲು. ಯುಎಸ್‌ಬಿಯಲ್ಲಿ ಅದು ಬರುವವನ ಬಳಿಯೂ ಇದೆ, ಹಾಜರಿಯನ್ನು ಸಾರಲು. ಹೊಣೆ ಪಕ್ಷ ಬದಲಾಯಿಸಿದ್ದು ಇಲ್ಲಿ. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಪರದೆಯ ಮೂಲೆಯಲ್ಲಿ ಸೂಚನೆ ಬರುವುದಕ್ಕೆ ಇಂದಿನ ಆಪರೇಟಿಂಗ್ ಸಿಸ್ಟಂ ಹೆಚ್ಚು ಜಾಣವಾಗಿದೆ ಎಂಬುದಕ್ಕಿಂತ, ಅದಕ್ಕೆ ಊಹಿಸುವ ಕೆಲಸ ಕಡಿಮೆಯಾಗಿದೆ ಎಂಬುದೇ ದೊಡ್ಡ ಕಾರಣ.

ಹಾಗಾದರೆ ಹಳೆಯದೆಲ್ಲ ಮುಗಿದ ಕಥೆ, ಈಗೇಕೆ ಅದರ ಮಾತು ಎನ್ನಬಹುದು. ಲಿನಕ್ಸ್ ತನ್ನ ಹಳೆಯ ಐಡಿಇ ಡ್ರೈವರ್‌ಗಳನ್ನು ತೆಗೆದುಹಾಕಿದ್ದು 2021ರ 5.14ನೆಯ ಆವೃತ್ತಿಯಲ್ಲಿ. ಆಗಲೂ ಆ ಪ್ರಶ್ನೆ ಸಾಯಲಿಲ್ಲ. ಅದೇ ಡಿಸ್ಕುಗಳನ್ನು ಕೇಳುವ ಕೆಲಸ ಲಿಬ್‌ಎಟಿಎ ಎಂಬ ಹೊಸ ಭಾಗಕ್ಕೆ ಹೋಗಿತ್ತು, ಅಷ್ಟೆ. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಟಿಸುವ ಕ್ಯೂಎಂಯುನಂಥ ವರ್ಚುವಲ್ ಯಂತ್ರಗಳು 1996ರ ಇಂಟೆಲ್ ಚಿಪ್‌ಸೆಟ್ಟನ್ನೇ ಅನುಕರಿಸುತ್ತ, ಎಲ್ಲೂ ಇಲ್ಲದ ಐಡಿಇ ಕೇಬಲನ್ನು ಸೃಷ್ಟಿಸಿ ತೋರಿಸಬಲ್ಲವು. ಒಳಗಿನ ಆಪರೇಟಿಂಗ್ ಸಿಸ್ಟಂ ಆಗಲೂ 503ಕ್ಕೆ 236 ಬರೆದು ಉತ್ತರಕ್ಕೆ ಕಾಯುತ್ತದೆ. ಹೊಸ ಇಂಟರ್ಫೇಸ್‌ಗಳಲ್ಲೂ ಕಾಯುವ ಗಡುವು ಇದ್ದೇ ಇದೆ, ಏಕೆಂದರೆ ಕೆಟ್ಟುನಿಂತ ಸಾಧನ ಮತ್ತು ನಿಧಾನವಾದ ಸಾಧನ ಈಗಲೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಪತ್ತೆಯಾದದ್ದನ್ನು ಗುರುತಿಸುವುದು ಇನ್ನೊಂದು ಸಮಸ್ಯೆ. ಲಿನಕ್ಸಿನಲ್ಲಿ ‘ಎಚ್‌ಡಿಎ’ ಎಂದರೆ ಮೊದಲ ಕೇಬಲಿನ ಮಾಸ್ಟರ್ ಎಂದೇ ಅರ್ಥವಿತ್ತು. ಹೊಸ ಡ್ರೈವರ್‌ನಲ್ಲಿ ಅದು ‘ಎಸ್‌ಡಿಎ’ ಆದಾಗ ಹೆಸರು ಸಿಗುವುದು ಪತ್ತೆಯಾದ ಸರದಿಯಲ್ಲಿ ಎಂದಾಯಿತು. ಇಂದು ಮೊದಲು ಉತ್ತರಿಸಿದ ಡಿಸ್ಕ್ ನಾಳೆ ಎರಡನೆಯದಾಗಬಹುದು. ಅದಕ್ಕೇ ಈಗ ಡಿಸ್ಕಿನ ವಿಭಾಗದೊಳಗೆ ಬರೆದಿಟ್ಟ ಉದ್ದನೆಯ ಗುರುತುಸಂಖ್ಯೆಯಿಂದ ಅದನ್ನು ಹುಡುಕುತ್ತಾರೆ. ಗುರುತು ಸಾಧನದ ಬಳಿಯೇ ಇರಬೇಕೆಂಬ ಪಾಠ ಇಲ್ಲೂ ಅದೇ.

ಇದರಿಂದ ಸಾಮಾನ್ಯ ಬಳಕೆದಾರರಿಗೆ ಆಗುವ ಉಪಯೋಗ ಸಣ್ಣದಲ್ಲ. ಹಳೆಯ ಕಂಪ್ಯೂಟರಿನಲ್ಲಿ ಮನೆಯ ಫೋಟೊಗಳೋ ಅಂಗಡಿಯ ಲೆಕ್ಕವೋ ಇದ್ದು, ಒಂದು ದಿನ ಪರದೆಯ ಮೇಲೆ ಡಿಸ್ಕ್ ಸಿಗಲಿಲ್ಲವೆಂದು ಬಂದರೆ, ಅದನ್ನು ಡಿಸ್ಕ್ ಸತ್ತಿತೆಂಬ ಘೋಷಣೆ ಎಂದು ಓದಬಾರದು. ಗೊತ್ತುಪಡಿಸಿದ ಸಮಯದೊಳಗೆ ನಂಬುವಂಥ ಉತ್ತರ ಬರಲಿಲ್ಲ ಎಂದಷ್ಟೇ ಅದರ ಅರ್ಥ. ಉತ್ತರ ಬಾರದಿರಲು ಡಿಸ್ಕ್ ಕೆಡುವುದೊಂದೇ ಕಾರಣವಲ್ಲ: ಕೇಬಲ್ ಸಡಿಲವಾಗಿರಬಹುದು, ವಿದ್ಯುತ್ತಿನ ಕನೆಕ್ಟರ್ ಕೂತಿಲ್ಲದಿರಬಹುದು, ಎರಡು ಡ್ರೈವುಗಳ ಜಂಪರುಗಳೂ ‘ಮಾಸ್ಟರ್’ ಎಂದೇ ಇರಬಹುದು, ಸಿಮಾಸ್ ಬ್ಯಾಟರಿ ಮುಗಿದು ಬಯೋಸಿನಲ್ಲಿ ಆ ಸಾಲು ‘ನನ್’ ಎಂದಾಗಿರಬಹುದು. ವಿದ್ಯುತ್ ತೆಗೆದು ಇವನ್ನು ಒಂದೊಂದಾಗಿ ನೋಡಿದ ಮೇಲೂ ಉತ್ತರ ಬಾರದಿದ್ದರೆ, ಆಗ ಡಿಸ್ಕನ್ನು ಅನುಮಾನಿಸುವುದು ನ್ಯಾಯ. ಅದಕ್ಕೂ ಮೊದಲೇ ಅದನ್ನು ಗುಜರಿಗೆ ಹಾಕುವುದೆಂದರೆ, ಯಂತ್ರ ತಾನೇ ಅನುಮಾನದಲ್ಲಿ ಹೇಳಿದ ‘ಇಲ್ಲ’ವನ್ನು ಅದಕ್ಕಿಂತ ಹೆಚ್ಚು ನಂಬಿದಂತೆ.